ಬರಿಗೈಯಲ್ಲಿ ಬಂದ ಅತಿಥಿ

1982ರ ಜೂನ್ ತಿಂಗಳಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಎರಡು ವಾರಗಳ ಅಂತರದಲ್ಲಿ ಇಬ್ಬರು ಅನ್ಯಗ್ರಹವಾಸಿಗಳು ಬಂದರು. ಜೂನ್ 11ಕ್ಕೆ ಬಂದದ್ದು ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’. ಗಿಡ್ಡ ಕಾಲು, ಸುಕ್ಕುಗಟ್ಟಿದ ಚರ್ಮ, ಉದ್ದ ಕತ್ತಿನ ಆ ಜೀವಿ ಕ್ಯಾಲಿಫೋರ್ನಿಯಾದ ಒಂದು ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಹೆದರಿ ಅಡಗಿಕೊಂಡಿತ್ತು. ಜೂನ್ 25ಕ್ಕೆ ಬಂದದ್ದು ಜಾನ್ ಕಾರ್ಪೆಂಟರ್ ಅವರ ‘ದಿ ಥಿಂಗ್’. ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಠಾಣೆಯೊಳಗೆ ನುಗ್ಗಿ, ಸಿಕ್ಕಿದವರ ರೂಪವನ್ನೇ ತಾಳಿ, ಒಬ್ಬೊಬ್ಬರನ್ನೇ ಮುಗಿಸುತ್ತ ಹೋಗುವ ಜೀವಿ ಅದು. ಜನ ಮೊದಲನೆಯದನ್ನು ಎದೆಗಪ್ಪಿಕೊಂಡರು. ಎರಡನೆಯದು ಆಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಎರಡು ವರ್ಷ ಕಳೆದ ಮೇಲೆ ಅದೇ ಕಾರ್ಪೆಂಟರ್ ‘ಸ್ಟಾರ್‌ಮ್ಯಾನ್’ ಎಂಬ ಮೆದುವಾದ ಚಿತ್ರ ತೆಗೆದರು. ಅದರಲ್ಲಿ ಬಂದವನು ಯಾರಿಗೂ ಕೇಡು ಮಾಡುವುದಿಲ್ಲ. ಸತ್ತ ಜಿಂಕೆಯೊಂದನ್ನು ಬದುಕಿಸಿ ಕಾಡಿಗೆ ಕಳಿಸುತ್ತಾನೆ.

ವೈಜ್ಞಾನಿಕ ಕಲ್ಪನೆಯ ಸಿನಿಮಾಗಳಲ್ಲಿ ಆಕ್ರಮಣ, ಸ್ಫೋಟ, ಯುದ್ಧನೌಕೆಗಳದ್ದೇ ದೊಡ್ಡ ಪಾಲು. ಅದರ ಪಕ್ಕದಲ್ಲೇ ಸಾಧು ಸ್ವಭಾವದ ಒಂದು ಸಣ್ಣ ಪರಂಪರೆ ಏಳು ದಶಕಗಳಿಂದ ನಡೆದುಬಂದಿದೆ. ಹೊರಗಿನಿಂದ ಒಬ್ಬ ಬರುತ್ತಾನೆ. ಇಲ್ಲಿನ ಮಾತು, ರೀತಿರಿವಾಜು ಅವನಿಗೆ ಗೊತ್ತಿಲ್ಲ. ಯಾರೋ ಒಬ್ಬ ಹುಡುಗ, ಯಾರೋ ಒಬ್ಬ ವಿಧವೆ ಆಸರೆ ಕೊಡುತ್ತಾರೆ. ಸರ್ಕಾರ ಬೆನ್ನಟ್ಟುತ್ತದೆ. ಕೊನೆಗೆ ಅವನು ಹೊರಟುಹೋಗುತ್ತಾನೆ. ಇಷ್ಟೇ ಕಥೆಯೊಳಗೆ ತತ್ವಶಾಸ್ತ್ರದ ಎಷ್ಟೋ ಹಳೆಯ ಪ್ರಶ್ನೆಗಳು ಬಂದು ಕೂತಿವೆ. ಅಪರಿಚಿತನಿಗೆ ನಮ್ಮ ಮೇಲೆ ಯಾವ ಹಕ್ಕಿದೆ? ಇನ್ನೊಂದು ಜೀವದ ಒಳಗೇನಿದೆ ಎಂದು ತಿಳಿಯಬಹುದೇ? ಯಾವುದಕ್ಕಾಗಿ ಸೃಷ್ಟಿಯಾದೆವೋ ಅದೇ ನಮ್ಮ ಹಣೆಬರಹವೇ? ಇವುಗಳ ಹಿಂದೆ ಇನ್ನೂ ಇರುಸುಮುರುಸಿನ ಒಂದು ಪ್ರಶ್ನೆ ಇದೆ. ಗಾಯ ಮಾಯಿಸುವ ಬೆರಳು, ಜೀವ ಮರಳಿಸುವ ಶಕ್ತಿ ಯಾವುದೂ ಇಲ್ಲದೆ ಈ ಅತಿಥಿ ಬರಿಗೈಯಲ್ಲಿ ಬಂದಿದ್ದರೆ ಅವನಿಗೆ ಯಾರಾದರೂ ಮಣೆ ಹಾಕುತ್ತಿದ್ದರೇ?

ಹೊರಗಿನವನ ಕಣ್ಣಿನಿಂದ ತನ್ನ ಊರನ್ನು ನೋಡುವ ಉಪಾಯ ಸಿನಿಮಾಕ್ಕಿಂತ ಬಹಳ ಹಿಂದಿನದು. ಫ್ರಾನ್ಸಿನ ಮಾಂಟೆಸ್ಕ್ಯೂ 1721ರಲ್ಲಿ ‘ಪರ್ಷಿಯನ್ ಲೆಟರ್ಸ್’ ಬರೆದು, ಪ್ಯಾರಿಸ್ಸಿಗೆ ಬಂದ ಇಬ್ಬರು ಪರ್ಷಿಯನ್ನರ ಪತ್ರಗಳ ನೆಪದಲ್ಲಿ ತನ್ನ ದೇಶದ ರಾಜ, ಪಾದ್ರಿ, ಪಂಡಿತರನ್ನೆಲ್ಲ ವಿಚಾರಣೆಗೆ ಎಳೆದ. 1752ರಲ್ಲಿ ವೋಲ್ಟೇರ್ ಇನ್ನೂ ದೂರ ಹೋಗಿ, ಸಿರಿಯಸ್ ನಕ್ಷತ್ರದ ಬಳಿಯ ಲೋಕದಿಂದ ‘ಮೈಕ್ರೋಮೆಗಾಸ್’ ಎಂಬ ದೈತ್ಯನನ್ನು ಭೂಮಿಗೆ ಇಳಿಸಿದ. ಅನ್ಯಗ್ರಹಗಳಲ್ಲಿ ಜೀವಿಗಳಿದ್ದಾರೆಂದು ಗಂಭೀರವಾಗಿ ನಂಬಿದ್ದ ಇಮ್ಯಾನ್ಯುಯಲ್ ಕಾಂಟ್ 1795ರ ತನ್ನ ‘ಶಾಶ್ವತ ಶಾಂತಿ’ಯ ಪ್ರಬಂಧದಲ್ಲಿ ಆತಿಥ್ಯದ ಬಗ್ಗೆ ಒಂದು ಖಡಕ್ಕಾದ ಮಾತು ಹೇಳಿದ್ದಾನೆ. ಅದು ದಯೆಯ ವಿಷಯವೇ ಅಲ್ಲ, ಬಂದವನ ಹಕ್ಕು. ಇನ್ನೊಬ್ಬರ ನೆಲಕ್ಕೆ ಕಾಲಿಟ್ಟ ಮಾತ್ರಕ್ಕೆ ಅವನನ್ನು ಶತ್ರುವಿನಂತೆ ಕಾಣುವಂತಿಲ್ಲ. ಖಾಯಂ ನೆಲೆಸುವ ಹಕ್ಕು ಅವನಿಗಿಲ್ಲ, ಆದರೆ ವಾಪಸು ಕಳಿಸುವುದರಿಂದ ಅವನ ಜೀವಕ್ಕೇ ಕುತ್ತಾಗುವುದಾದರೆ ಹಾಗೆ ಕಳಿಸುವಂತಿಲ್ಲ. ಈ ಪರಂಪರೆಯ ಸಿನಿಮಾಗಳನ್ನು ಕಾಂಟ್‌ನ ಈ ಮಾತಿಗೆ ಒರೆಹಚ್ಚಿ ನೋಡಬಹುದು.

ಪರಂಪರೆಯ ಮೊದಲ ದೊಡ್ಡ ಚಿತ್ರ ರಾಬರ್ಟ್ ವೈಸ್ ಅವರ ‘ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್’ (1951). ವಾಷಿಂಗ್ಟನ್ನಿನ ಹುಲ್ಲುಹಾಸಿನ ಮೇಲೆ ತಟ್ಟೆಯಾಕಾರದ ನೌಕೆ ಇಳಿಯುತ್ತದೆ. ಕ್ಲಾಟು ಹೊರಬಂದು ಉಡುಪಿನೊಳಗಿಂದ ಏನನ್ನೋ ತೆಗೆಯುತ್ತಾನೆ, ಗಾಬರಿಬಿದ್ದ ಸೈನಿಕನೊಬ್ಬ ಗುಂಡು ಹಾರಿಸುತ್ತಾನೆ. ಪುಡಿಯಾದ ಆ ವಸ್ತು ಅಧ್ಯಕ್ಷರಿಗೆಂದು ತಂದ ಉಡುಗೊರೆ, ಬೇರೆ ಗ್ರಹಗಳ ಜೀವನವನ್ನು ನೋಡಬಲ್ಲ ಸಾಧನ. ಆಸ್ಪತ್ರೆಯಿಂದ ತಪ್ಪಿಸಿಕೊಂಡ ಕ್ಲಾಟು ಒಂದು ಬಾಡಿಗೆ ವಸತಿಗೃಹದಲ್ಲಿ ಕೋಣೆ ಹಿಡಿದು, ಬಾಬಿ ಎಂಬ ಹುಡುಗನ ಜೊತೆ ಊರು ಸುತ್ತುತ್ತಾನೆ. ಆರ್ಲಿಂಗ್ಟನ್ ಸ್ಮಶಾನದಲ್ಲಿ ಯುದ್ಧದಲ್ಲಿ ಸತ್ತ ಬಾಬಿಯ ಅಪ್ಪನ ಸಮಾಧಿಯ ಮುಂದೆ ನಿಂತಾಗ, ಸುತ್ತಲಿನ ಸಾವಿರಾರು ಸಮಾಧಿಗಳಲ್ಲಿ ಹೆಚ್ಚಿನವು ಯುದ್ಧದಲ್ಲಿ ಸತ್ತವರದ್ದೇ ಎಂಬುದು ಅವನಿಗೆ ಅರ್ಥವಾಗುವುದಿಲ್ಲ. ಶೀತಲ ಸಮರದ ಮೊದಲ ವರ್ಷಗಳಲ್ಲಿ ಅಮೆರಿಕದ ಪ್ರೇಕ್ಷಕರಿಗೆ ಇಷ್ಟನ್ನು ತೋರಿಸಿದ್ದು ಧೈರ್ಯದ ಕೆಲಸ. ಚಿತ್ರ ಸಡಿಲವಾಗುವುದು ಕೊನೆಯಲ್ಲಿ. ಅಣ್ವಸ್ತ್ರಗಳ ಹಿಂಸೆಯನ್ನು ಬಾಹ್ಯಾಕಾಶಕ್ಕೆ ತಂದರೆ ಭೂಮಿ ಬೂದಿಯಾಗುತ್ತದೆ ಎಂದು ಎಚ್ಚರಿಸಿ ಕ್ಲಾಟು ಹೊರಡುತ್ತಾನೆ. ಅತಿಥಿಯ ಬೆನ್ನಿಗೆ ಅಷ್ಟು ದೊಡ್ಡ ದಂಡವಿದ್ದರೆ ಅವನಿಗೆ ತೋರಿಸುವ ಗೌರವ ಆತಿಥ್ಯವೋ ಭಯವೋ ಹೇಳುವುದು ಕಷ್ಟ.

‘ಇ.ಟಿ.’ ಈ ಭಯವನ್ನು ಪೂರ್ತಿ ಕಳಚಿಹಾಕಿತು. ಮೆಲಿಸ್ಸಾ ಮ್ಯಾಥಿಸನ್ ಬರೆದ ಚಿತ್ರಕಥೆ, ಅಲೆನ್ ಡಾವಿಯೋ ಅವರ ಛಾಯಾಗ್ರಹಣ ಎರಡೂ ಸೇರಿ ಕ್ಯಾಮೆರಾವನ್ನು ಮಗುವಿನ ಎತ್ತರಕ್ಕೆ ಇಳಿಸಿದವು. ಬಹಳ ಹೊತ್ತಿನವರೆಗೆ ತಾಯಿಯನ್ನು ಬಿಟ್ಟರೆ ದೊಡ್ಡವರ ಮುಖವೇ ಕಾಣುವುದಿಲ್ಲ. ಬೆನ್ನಟ್ಟುವ ಸರ್ಕಾರಿ ಅಧಿಕಾರಿ ಗುರುತಾಗುವುದು ಸೊಂಟದಲ್ಲಿ ಜೋತಾಡುವ ಬೀಗದ ಕೈ ಗೊಂಚಲಿನಿಂದ. ಇತ್ತ ಇ.ಟಿ.ಯ ಮುಖವನ್ನು, ಅದರಲ್ಲೂ ಕಣ್ಣನ್ನು, ಚಿತ್ರ ಎಷ್ಟು ಹೊತ್ತು ನೋಡಿದರೂ ದಣಿಯುವುದಿಲ್ಲ. ಇನ್ನೊಬ್ಬನ ಮುಖವನ್ನು ಕಂಡ ಕ್ಷಣದಲ್ಲೇ ಅವನ ಬಗೆಗಿನ ಹೊಣೆ ನಮ್ಮ ಮೇಲೆ ಬೀಳುತ್ತದೆ ಎಂದು ಫ್ರೆಂಚ್ ಚಿಂತಕ ಎಮ್ಯಾನ್ಯುಯಲ್ ಲೆವಿನಾಸ್ 1961ರ ತನ್ನ ಪುಸ್ತಕದಲ್ಲಿ ವಾದಿಸಿದ್ದ. ಸ್ಪೀಲ್‌ಬರ್ಗ್ ಆ ಪುಸ್ತಕ ಓದಿರಲಿ ಬಿಡಲಿ, ಅವರ ಕ್ಯಾಮೆರಾ ಮಾಡಿದ್ದು ಅದೇ ಕೆಲಸ: ಅಧಿಕಾರವುಳ್ಳವರ ಮುಖವನ್ನು ಮರೆಮಾಡಿ, ವಿಕಾರವೆನಿಸುವ ಅಪರಿಚಿತನಿಗೆ ಮುಖ ಕೊಟ್ಟದ್ದು.

ಆ ಚಿತ್ರದ ಅತ್ಯಂತ ಆಳವಾದ ದೃಶ್ಯ ಶಾಲೆಯ ಜೀವಶಾಸ್ತ್ರದ ತರಗತಿಯಲ್ಲಿದೆ. ಮನೆಯಲ್ಲಿ ಇ.ಟಿ. ಫ್ರಿಜ್ಜಿನಿಂದ ಬಿಯರ್ ತೆಗೆದು ಕುಡಿಯುತ್ತದೆ, ಇಲ್ಲಿ ಅದಕ್ಕೆ ಆಸರೆ ಕೊಟ್ಟ ಹುಡುಗ ಎಲಿಯಟ್‌ಗೆ ಅಮಲೇರುತ್ತದೆ. ಮೇಷ್ಟ್ರು ಕಪ್ಪೆಗಳನ್ನು ಮೂರ್ಛೆಗೊಳಿಸಿ ಕೊಯ್ಯಲು ತಯಾರಿ ಮಾಡಿದ್ದಾರೆ. ಗಾಜಿನ ಜಾಡಿಯೊಳಗಿನ ಕಪ್ಪೆಯ ಕಣ್ಣನ್ನು ನೋಡಿದ ಎಲಿಯಟ್ ಅದನ್ನು ಬಿಟ್ಟುಬಿಡುತ್ತಾನೆ, ಆಮೇಲೆ ಇಡೀ ತರಗತಿಯ ಕಪ್ಪೆಗಳೂ ಬಿಡುಗಡೆ ಹೊಂದುತ್ತವೆ. ಬಾವಲಿಯ ದೇಹರಚನೆಯ ಬಗ್ಗೆ ಎಲ್ಲ ತಿಳಿದರೂ ಬಾವಲಿಯಾಗಿರುವುದು ಹೇಗಿರುತ್ತದೆಂಬುದು ಮನುಷ್ಯನಿಗೆ ತಿಳಿಯದು ಎಂದು ಥಾಮಸ್ ನೇಗಲ್ 1974ರಲ್ಲಿ ಬರೆದ ಪ್ರಬಂಧ ತತ್ವಶಾಸ್ತ್ರದಲ್ಲಿ ಈಗಲೂ ಚರ್ಚೆಯಲ್ಲಿದೆ. ಹುಡುಗನಿಗೂ ಅತಿಥಿಗೂ ಒಂದೇ ಅನುಭವ ಹಂಚಿ, ಚಿತ್ರ ಆ ಗೋಡೆಯನ್ನು ಕಲ್ಪನೆಯಲ್ಲಿ ಒಡೆಯುತ್ತದೆ. ಒಡೆದ ಮೇಲೆ ಹುಡುಗನ ಕರುಣೆ ಇ.ಟಿ.ಯೊಬ್ಬನಲ್ಲಿ ನಿಲ್ಲದೆ ಕಪ್ಪೆಯವರೆಗೂ ಹರಿಯುತ್ತದೆ. ಕಪ್ಪೆಗೆ ಯಾವ ಪವಾಡಶಕ್ತಿಯೂ ಇಲ್ಲವೆಂಬುದನ್ನು ಗಮನಿಸಬೇಕು. ಇ.ಟಿ.ಗೆ ಇದೆ. ಎಲಿಯಟ್‌ನ ಕೊಯ್ದ ಬೆರಳನ್ನು ಅದು ಬೆಳಗುವ ತನ್ನ ಬೆರಳಿನಿಂದ ಮಾಯಿಸುತ್ತದೆ, ಬಾಡಿದ ಹೂಕುಂಡವನ್ನು ಅರಳಿಸುತ್ತದೆ, ಸೈಕಲ್ಲುಗಳನ್ನು ಆಕಾಶಕ್ಕೆ ಹಾರಿಸುತ್ತದೆ.

‘ಸ್ಟಾರ್‌ಮ್ಯಾನ್’ (1984) ಆರಂಭವಾಗುವುದು ಕಾಂಟ್‌ಗೆ ಒಪ್ಪಿಗೆಯಾಗುವಂಥ ಒಂದು ಸಂಗತಿಯಿಂದ. ಬಂದವನನ್ನು ಕರೆದದ್ದೇ ನಾವು. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಧ್ವನಿಮುದ್ರಿಕೆ ಇಟ್ಟಿದ್ದು ನಿಜವಾದ ಚರಿತ್ರೆ. ಕಾರ್ಲ್ ಸಗಾನ್ ನೇತೃತ್ವದ ತಂಡ ಅದರಲ್ಲಿ 55 ಭಾಷೆಗಳ ಶುಭಾಶಯಗಳನ್ನು ಸೇರಿಸಿತು, ಕನ್ನಡವೂ ಅವುಗಳಲ್ಲಿ ಒಂದು. ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ಒಂದು ದನಿ ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಇವತ್ತಿಗೂ ಹೋಗುತ್ತಲೇ ಇದೆ. ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿಯೂ ಅದೇ ಮುದ್ರಿಕೆಯಲ್ಲಿದೆ. ಚಿತ್ರದಲ್ಲಿ ಆ ಕರೆಯನ್ನು ನಂಬಿ ಒಬ್ಬ ಬರುತ್ತಾನೆ, ಬಂದ ಕೂಡಲೇ ಅವನ ನೌಕೆಯನ್ನು ಹೊಡೆದುರುಳಿಸುತ್ತಾರೆ. ನಾವೇ ಆಹ್ವಾನ ಕೊಟ್ಟಿದ್ದೆವಲ್ಲ ಎಂದು ಕೇಳುವವನು ಒಬ್ಬ ವಿಜ್ಞಾನಿ ಮಾತ್ರ.

ವಿಸ್ಕಾನ್ಸಿನ್ನಿನ ವಿಧವೆ ಜೆನ್ನಿ ಹೇಡನ್ ತನ್ನ ಗಂಡನ ಕೂದಲಿನ ಎಳೆಯನ್ನು ಫೋಟೋ ಆಲ್ಬಮ್ಮಿನಲ್ಲಿ ಜೋಪಾನ ಮಾಡಿದ್ದಳು. ಅತಿಥಿ ಅದರಿಂದಲೇ ಆ ಗಂಡನ ದೇಹ ತಳೆಯುತ್ತಾನೆ. ಮುಖ ಅದೇ, ದನಿ ಅದೇ, ನೆನಪು ಮಾತ್ರ ಒಂದೂ ಇಲ್ಲ. ಒಬ್ಬ ಮನುಷ್ಯ ಅದೇ ಮನುಷ್ಯನಾಗಿರುವುದು ದೇಹದಿಂದಲೋ ನೆನಪಿನ ನಿರಂತರತೆಯಿಂದಲೋ ಎಂದು ಹದಿನೇಳನೆಯ ಶತಮಾನದಲ್ಲಿ ಜಾನ್ ಲಾಕ್ ಕೇಳಿದ ಪ್ರಶ್ನೆ ಇಲ್ಲಿ ಒಬ್ಬ ಹೆಂಗಸಿನ ದುಃಖದೊಳಗೆ ಸಿಕ್ಕಿಕೊಳ್ಳುತ್ತದೆ. ಜೆಫ್ ಬ್ರಿಜಸ್ ಕತ್ತನ್ನು ಥಟ್ಟನೆ ತಿರುಗಿಸುವ ರೀತಿ, ಮಾತನ್ನು ತುಂಡುತುಂಡಾಗಿ ಆಡುವ ರೀತಿ ಆ ದೇಹ ಅವನಿಗೆ ಹೊಸದೆಂಬುದನ್ನು ಕ್ಷಣಕ್ಷಣಕ್ಕೂ ಹೇಳುತ್ತದೆ. ಆ ಅಭಿನಯಕ್ಕೆ ಅವರಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಆದರೆ ಇಲ್ಲಿಯೂ ಅತಿಥಿಯ ಕೈಯಲ್ಲಿ ಬೆಳ್ಳಿಬಣ್ಣದ ಗೋಲಿಗಳಿವೆ, ಒಂದೊಂದು ಗೋಲಿಗೂ ಒಂದೊಂದು ಪವಾಡವಿದೆ. ಬಂಜೆಯೆಂದು ವೈದ್ಯರು ಹೇಳಿದ್ದ ಜೆನ್ನಿಗೆ ಹೋಗುವ ಮುಂಚೆ ಅವನು ಮಗುವನ್ನೂ ಕೊಡುತ್ತಾನೆ.

ಅದೇ 1984ರಲ್ಲಿ ಜಾನ್ ಸೇಲ್ಸ್ ಸುಮಾರು ಮೂರೂವರೆ ಲಕ್ಷ ಡಾಲರಿನಲ್ಲಿ ತೆಗೆದ ‘ದಿ ಬ್ರದರ್ ಫ್ರಮ್ ಅನದರ್ ಪ್ಲಾನೆಟ್’ ಇವೆಲ್ಲಕ್ಕಿಂತ ನೆಲಕ್ಕೆ ಹತ್ತಿರವಾದ ಚಿತ್ರ. ಬಂದವನು ಕಪ್ಪು ಬಣ್ಣದವನು, ಮೂಗ, ಪಾದದಲ್ಲಿ ಮೂರೇ ಬೆರಳು. ಅವನ ನೌಕೆ ಬೀಳುವುದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಬಳಿ. ಯೂರೋಪಿನಿಂದ ಬಂದ ಲಕ್ಷಾಂತರ ವಲಸಿಗರನ್ನು ತಪಾಸಣೆಗೆ ಸಾಲುನಿಲ್ಲಿಸಿದ ಜಾಗ ಅದು. ಪಾಳುಬಿದ್ದ ಆ ಕಟ್ಟಡದ ಗೋಡೆ, ಕಂಬಗಳನ್ನು ಅವನು ಮುಟ್ಟಿದರೆ ಹಿಂದೆ ಅಲ್ಲಿ ಕಾದು ನಿಂತವರ ದನಿಗಳು ಕೇಳುತ್ತವೆ. ಅಲ್ಲಿಂದ ಹಾರ್ಲೆಮ್ ಸೇರುತ್ತಾನೆ. ಒಂದು ಬಾರಿನಲ್ಲಿ ಕೂತವರು ಇವನ್ಯಾರು ಎಂದು ಹರಟುತ್ತಲೇ ಅವನಿಗೆ ಜಾಗ ಮಾಡಿಕೊಡುತ್ತಾರೆ. ಮ್ಯೂಸಿಯಮ್ಮಿನಲ್ಲಿ ಒಬ್ಬ ಹುಡುಗನಿಗೆ ಅವನು ಓಡಿಹೋಗುತ್ತಿರುವ ಗುಲಾಮನ ಚಿತ್ರವನ್ನು ತೋರಿಸಿ, ಹೆಬ್ಬೆರಳಿನಿಂದ ಮೇಲಕ್ಕೆ ಸನ್ನೆ ಮಾಡುತ್ತಾನೆ. ತಾನೂ ಹಾಗೆಯೇ ಅಲ್ಲಿಂದ ಓಡಿಬಂದವನು ಎಂದು. ಬೆನ್ನಟ್ಟಿ ಬಂದ ಇಬ್ಬರು ಬಿಳಿಯ ಬೇಟೆಗಾರರಲ್ಲಿ ಒಬ್ಬನ ಪಾತ್ರ ಸೇಲ್ಸ್ ಅವರದ್ದೇ.

ಮನುಷ್ಯನನ್ನು ಯಂತ್ರದಿಂದ ಬೇರ್ಪಡಿಸಿ ಗುರುತಿಸಲು ಮಾತೇ ಮುಖ್ಯ ಪರೀಕ್ಷೆ ಎಂದು 1637ರಲ್ಲಿ ಡೇಕಾರ್ಟ್ ಬರೆದಿದ್ದ. ಬ್ರದರ್ ಪಾತ್ರದ ಜೋ ಮಾರ್ಟನ್ ಒಂದು ಮಾತೂ ಆಡದೆ ಇಡೀ ಚಿತ್ರವನ್ನು ಹೊತ್ತು, ಆ ಪರೀಕ್ಷೆಯೇ ಎಷ್ಟು ಇಕ್ಕಟ್ಟಿನದೆಂದು ತೋರಿಸುತ್ತಾರೆ. ಅವನಲ್ಲೂ ಒಂದು ಶಕ್ತಿ ಇದೆ, ಮುಟ್ಟಿದರೆ ಕೆಟ್ಟ ವಿಡಿಯೋ ಗೇಮ್ ಯಂತ್ರ ಸರಿಹೋಗುತ್ತದೆ. ಅದು ಅವನಿಗೆ ರಿಪೇರಿ ಕೆಲಸ ಕೊಡಿಸುತ್ತದೆ, ಕೂಲಿ ಕೊಡಿಸುತ್ತದೆ. ಆದರೆ ಬಾರಿನವರು ಅವನನ್ನು ಕೂರಿಸಿಕೊಂಡಾಗ ಆ ಶಕ್ತಿ ಅವರಿಗೆ ಗೊತ್ತಿರಲಿಲ್ಲ. ಮಿಕ್ಕ ಚಿತ್ರಗಳಿಗಿಂತ ಇದನ್ನು ಎತ್ತರದಲ್ಲಿ ನಿಲ್ಲಿಸುವುದು ಈ ಸಂಗತಿ.

ಬ್ರಾಡ್ ಬರ್ಡ್ ಅವರ ಅನಿಮೇಷನ್ ಚಿತ್ರ ‘ದಿ ಐರನ್ ಜೈಂಟ್’ (1999) ಬೇರೆ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಕವಿ ಟೆಡ್ ಹ್ಯೂಸ್ 1968ರಲ್ಲಿ ಮಕ್ಕಳಿಗಾಗಿ ಬರೆದ ಕಥೆಯನ್ನು ಬರ್ಡ್ 1957ರ ಅಮೆರಿಕಕ್ಕೆ, ಸ್ಪುಟ್ನಿಕ್ ಹಾರಿದ ವರ್ಷದ ಭೀತಿಗೆ ಒಯ್ದರು. ಅವರ ಅಕ್ಕ ಬಂದೂಕಿನ ಗುಂಡಿಗೆ ಬಲಿಯಾಗಿದ್ದರು. ಬಂದೂಕಿಗೇ ಒಂದು ಆತ್ಮವಿದ್ದು, ತಾನು ಬಂದೂಕಾಗಲಾರೆ ಎಂದರೆ ಏನಾದೀತು ಎಂಬುದೇ ಅವರು ಸ್ಟುಡಿಯೋ ಮುಂದಿಟ್ಟ ಕಲ್ಪನೆ. ಚಿತ್ರದ ದೈತ್ಯನಿಗೆ ತಾನು ಯಾಕೆ ಸೃಷ್ಟಿಯಾದೆನೆಂದು ನೆನಪಿಲ್ಲ. ಹೋಗಾರ್ತ್ ಎಂಬ ಹುಡುಗ ಆಟಿಕೆಯ ಬಂದೂಕು ತೋರಿಸಿದರೂ ಸಾಕು, ದೈತ್ಯನ ಕಣ್ಣಿನಿಂದ ತನ್ನಷ್ಟಕ್ಕೆ ತಾನೇ ಬೆಂಕಿ ಚಿಮ್ಮುತ್ತದೆ. ಬೇಟೆಗಾರರ ಗುಂಡಿಗೆ ಬಿದ್ದ ಜಿಂಕೆಯನ್ನು ಮುಟ್ಟಿ ನೋಡಿದಾಗ ಸಾವೆಂದರೇನೆಂದು ಅವನಿಗೆ ಮೊದಲ ಸಲ ತಿಳಿಯುತ್ತದೆ. ಮನುಷ್ಯನಿಗೆ ಮೊದಲೇ ಬರೆದಿಟ್ಟ ಸ್ವಭಾವವಿಲ್ಲ, ತನ್ನ ಆಯ್ಕೆಗಳಿಂದ ಅವನು ತನ್ನನ್ನು ರೂಪಿಸಿಕೊಳ್ಳುತ್ತಾನೆ ಎಂದು ಸಾರ್ತ್ರ್ 1945ರ ಉಪನ್ಯಾಸದಲ್ಲಿ ಹೇಳಿದ್ದ. ಸಾರ್ತ್ರ್ ಇಂಥ ಯಂತ್ರಕ್ಕೆ ಆ ಸ್ವಾತಂತ್ರ್ಯ ಕೊಡುತ್ತಿರಲಿಲ್ಲ, ಬರ್ಡ್ ಕೊಟ್ಟಿದ್ದಾರೆ. ಊರಿನ ಮೇಲೆ ಬೀಳಲಿರುವ ಕ್ಷಿಪಣಿಗೆ ತಾನೇ ಎದುರು ಹಾರಿಹೋಗುವ ದೈತ್ಯನನ್ನು ಕಂಡು ದೊಡ್ಡವರೂ ಅಳುತ್ತಾರೆ. ಅಳುವಿನ ನಡುವೆ ಒಂದು ಮಾತು ಉಳಿದುಬಿಡುತ್ತದೆ. ಊರಿನವರು ಅವನನ್ನು ಒಪ್ಪಿದ್ದು ಅವನು ತಮ್ಮ ಮಕ್ಕಳನ್ನು ಸಾವಿನಿಂದ ಉಳಿಸಿದ ಮೇಲೆ.

ಭಾರತದ ಮಟ್ಟಿಗೆ ಈ ಕಥೆಯ ಮೂಲ ಬಂಗಾಳದಲ್ಲಿದೆ. ಸತ್ಯಜಿತ್ ರಾಯ್ 1962ರಲ್ಲಿ ‘ಸಂದೇಶ್’ ಮಕ್ಕಳ ಪತ್ರಿಕೆಗೆ ‘ಬಂಕುಬಾಬುರ್ ಬಂಧು’ ಎಂಬ ಕಥೆ ಬರೆದರು. ಹಳ್ಳಿಯ ಸಾಧು ಮೇಷ್ಟ್ರು ಬಂಕುಬಾಬು ಊರಿನ ವಕೀಲರ ಹರಟೆಕಟ್ಟೆಯಲ್ಲಿ ಎಲ್ಲರ ಗೇಲಿಗೆ ವಸ್ತು. ಒಂದು ರಾತ್ರಿ ದಾರಿತಪ್ಪಿ ಇಳಿದ ಆಂಗ್ ಎಂಬ ಜೀವಿ ಅವನಿಗೆ ಸಿಗುತ್ತಾನೆ, ಅವಮಾನವನ್ನು ಸುಮ್ಮನೆ ನುಂಗಬಾರದೆಂದು ಹೇಳಿ ಹೋಗುತ್ತಾನೆ. ಮರುದಿನ ಮೇಷ್ಟ್ರು ಕಟ್ಟೆಯಲ್ಲಿ ಎದ್ದುನಿಂತು ಎಲ್ಲರಿಗೂ ಮುಖಕ್ಕೆ ಹೊಡೆದಂತೆ ಹೇಳಿ ಹೊರನಡೆಯುತ್ತಾನೆ. ಆ ಊರಿನಲ್ಲಿ ನಿಜವಾದ ಹೊರಗಿನವನು ಬಂಕುಬಾಬುವೇ ಆಗಿದ್ದ, ಆಂಗ್ ಅಲ್ಲ. ಇದೇ ಎಳೆಯನ್ನು ಬೆಳೆಸಿ ರಾಯ್ 1967ರಲ್ಲಿ ‘ದಿ ಏಲಿಯನ್’ ಚಿತ್ರಕಥೆ ಬರೆದರು. ನೌಕೆ ಬೀಳುವುದು ಹಳ್ಳಿಯ ತಾವರೆಕೊಳದಲ್ಲಿ. ನೀರಿನಿಂದ ತಲೆಯೆತ್ತಿದ ಅದರ ತುದಿಯನ್ನು ದೇವಸ್ಥಾನದ ಶಿಖರವೆಂದು ನಂಬಿ ಜನ ಪೂಜೆಗೆ ತೊಡಗುತ್ತಾರೆ, ವ್ಯಾಪಾರಿಯೊಬ್ಬ ಅದಕ್ಕೆ ಅಮೃತಶಿಲೆ ಹೊದಿಸಲು ಲೆಕ್ಕ ಹಾಕುತ್ತಾನೆ. ಕೊಲಂಬಿಯಾ ಸಂಸ್ಥೆ, ನಟ ಪೀಟರ್ ಸೆಲ್ಲರ್ಸ್ ಎಲ್ಲ ಸೇರಿಯೂ ಆ ಚಿತ್ರ ಆಗಲಿಲ್ಲ. ‘ಇ.ಟಿ.’ ಬಂದಾಗ ತಮ್ಮ ಚಿತ್ರಕಥೆಯ ಪ್ರತಿಗಳು ಹಾಲಿವುಡ್ಡಿನಲ್ಲಿ ಓಡಾಡಿದ್ದವೆಂದು ರಾಯ್ ಹೇಳಿದರು, ಸ್ಪೀಲ್‌ಬರ್ಗ್ ಆ ಋಣವನ್ನು ನಿರಾಕರಿಸಿದರು.

ರಾಯ್ ಆ ಪ್ರಶ್ನೆಯನ್ನು ಕೈಬಿಡಲಿಲ್ಲ. ಅವರ ಕಡೆಯ ಚಿತ್ರ ‘ಆಗಂತುಕ್’ (1991) ನೌಕೆಯಿಲ್ಲದ ‘ಏಲಿಯನ್’ ಎನ್ನಬಹುದು. ಮೂವತ್ತೈದು ವರ್ಷ ದೇಶಾಂತರ ಅಲೆದ ಸೋದರಮಾವನೊಬ್ಬ ಕಲ್ಕತ್ತಾದ ಮನೆಗೆ ಬರುತ್ತಾನೆ. ನಿಜವಾದ ಮಾವನೋ, ಆಸ್ತಿಗಾಗಿ ಬಂದ ಮೋಸಗಾರನೋ ಎಂಬ ಅನುಮಾನದಲ್ಲಿ ಮನೆಯವರು ಅವನ ಪಾಸ್‌ಪೋರ್ಟ್ ನೋಡುತ್ತಾರೆ, ವಕೀಲ ಮಿತ್ರನಿಂದ ಪಾಟೀಸವಾಲು ಹಾಕಿಸುತ್ತಾರೆ. ಕೊನೆಗೆ ಹೊರಡುವಾಗ ಅವನು ತನ್ನ ಪಾಲಿನ ಆಸ್ತಿಯನ್ನೇ ಲಕೋಟೆಯೊಂದರಲ್ಲಿ ಅವರಿಗೆ ಬರೆದುಕೊಟ್ಟಿರುತ್ತಾನೆ. ಆ ಲಕೋಟೆ ಒಡೆಯುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ.

ರಾಜ್‌ಕುಮಾರ್ ಹಿರಾನಿ ಅವರ ‘ಪಿಕೆ’ (2014) ಇದೇ ಬಳ್ಳಿಯ ಜನಪ್ರಿಯ ಕಾಯಿ. ರಾಜಸ್ಥಾನದ ಮರಳಿನಲ್ಲಿ ಬೆತ್ತಲೆ ಇಳಿದವನ ರಿಮೋಟನ್ನು ಒಬ್ಬ ಕದ್ದು ಓಡುತ್ತಾನೆ. ದೇವರೇ ಹುಡುಕಿಕೊಟ್ಟಾನು ಎಂದು ಜನ ಹೇಳಿದ್ದನ್ನು ಅವನು ಅಕ್ಷರಶಃ ನಂಬುತ್ತಾನೆ. ಚರ್ಚಿಗೆ ತೆಂಗಿನಕಾಯಿ ತರುತ್ತಾನೆ, ಮಸೀದಿಗೆ ವೈನ್ ಬಾಟಲಿ ಒಯ್ಯುತ್ತಾನೆ. ಮಾಂಟೆಸ್ಕ್ಯೂನ ಪರ್ಷಿಯನ್ನರಿಗೆ ಇವನು ನೇರ ವಾರಸುದಾರ. ಕೊನೆಯ ಭಾಗದ ಟೀವಿ ಚರ್ಚೆಯಲ್ಲಿ ಚಿತ್ರ ಉಪದೇಶಕ್ಕಿಳಿದು ಬಳಲುತ್ತದೆ ನಿಜ. ಆದರೆ ಅವನು ಭೂಮಿಯಿಂದ ಒಯ್ಯುವುದೇನೆಂಬುದನ್ನು ಹಿರಾನಿ ಚೆನ್ನಾಗಿ ಗುರುತಿಸಿದ್ದಾರೆ. ಸುಳ್ಳನ್ನೇ ಅರಿಯದ ಲೋಕದಿಂದ ಬಂದವನು ಪ್ರೀತಿಸಿದವಳಿಂದ ತನ್ನ ಪ್ರೀತಿಯನ್ನು ಮುಚ್ಚಿಡಲು ಸುಳ್ಳು ಹೇಳಿ ಹೊರಡುತ್ತಾನೆ.

ಕೊಟ್ಟೂ ಕೆಟ್ಟವರ ಕಥೆಗಳೂ ಇವೆ. ನಿಕೋಲಸ್ ರೋಗ್ ಅವರ ‘ದಿ ಮ್ಯಾನ್ ಹೂ ಫೆಲ್ ಟು ಅರ್ಥ್’ (1976) ಚಿತ್ರದಲ್ಲಿ ಡೇವಿಡ್ ಬೋವಿ ಒಣಗುತ್ತಿರುವ ಗ್ರಹದಿಂದ ನೀರಿಗಾಗಿ ಬಂದು, ಹೊಸ ಆವಿಷ್ಕಾರಗಳ ಪೇಟೆಂಟುಗಳಿಂದ ದೊಡ್ಡ ಕಂಪನಿ ಕಟ್ಟುತ್ತಾನೆ. ಅವನನ್ನು ಬಂಧಿಸಿ ಪರೀಕ್ಷಿಸುವವರ ಎಕ್ಸ್‌ರೇಯಿಂದ ಅವನ ಕಾಂಟ್ಯಾಕ್ಟ್ ಲೆನ್ಸುಗಳು ಕಣ್ಣಿಗೇ ಅಂಟಿಹೋಗುತ್ತವೆ, ಮನುಷ್ಯನ ವೇಷ ಇನ್ನೆಂದೂ ಕಳಚದು. ಟಿಮ್ ಬರ್ಟನ್ ಅವರ ‘ಎಡ್ವರ್ಡ್ ಸಿಸರ್‌ಹ್ಯಾಂಡ್ಸ್’ (1990) ಚಿತ್ರದಲ್ಲಿ ಕತ್ತರಿಗೈಯ ಹುಡುಗ ಬೇಲಿಗಿಡ, ನಾಯಿ, ಹೆಂಗಸರ ಕೂದಲು ಎಲ್ಲವನ್ನೂ ಅಂದವಾಗಿ ಕತ್ತರಿಸುವವರೆಗೆ ಬಡಾವಣೆಗೆಲ್ಲ ಬೇಕಾದವನು, ಒಂದು ಕಳ್ಳತನದ ಆರೋಪ ಬಂದ ಮೇಲೆ ರಾಕ್ಷಸ. ಇನ್ನು ಬರಿಗೈಯಲ್ಲಿ ಬಂದವರ ಪಾಡನ್ನು ತೋರಿಸಿದ ‘ಡಿಸ್ಟ್ರಿಕ್ಟ್ 9’ (2009) ಮೆದುವಾದ ಚಿತ್ರವೇ ಅಲ್ಲ. ಅಲ್ಲಿ ಹಸಿದು ಸೊರಗಿದ ಜೀವಿಗಳನ್ನು ಜೊಹಾನೆಸ್‌ಬರ್ಗಿನ ತಂತಿಬೇಲಿಯ ಶಿಬಿರಕ್ಕೆ ತುಂಬುತ್ತಾರೆ. ದಕ್ಷಿಣ ಆಫ್ರಿಕದ ವರ್ಣಭೇದದ ಚರಿತ್ರೆಯಿಂದಲೇ ಬಂದ ಚಿತ್ರ ಅದು.

ಈ ಸಮಸ್ಯೆಗೆ ಅತ್ಯಂತ ಸೂಕ್ಷ್ಮವಾಗಿ ಮುಖಾಮುಖಿಯಾದದ್ದು ಕೊಗೊನಾಡ ಅವರ ‘ಆಫ್ಟರ್ ಯಾಂಗ್’ (2021). ಇಲ್ಲಿ ನೌಕೆಯೂ ಇಲ್ಲ, ಬೆನ್ನಟ್ಟುವಿಕೆಯೂ ಇಲ್ಲ. ಚೀನಾದಿಂದ ದತ್ತು ಬಂದ ಮೀಕಾಳಿಗೆ ಅವಳ ಮೂಲ ಸಂಸ್ಕೃತಿ ಪರಿಚಯಿಸಲೆಂದು ಅಪ್ಪ ಅಮ್ಮ ಯಾಂಗ್ ಎಂಬ ಮನುಷ್ಯರೂಪದ ಯಂತ್ರವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದಾರೆ. ಒಂದು ದಿನ ಅವನು ಕೆಟ್ಟು ನಿಲ್ಲುತ್ತಾನೆ. ಚಹಾ ಅಂಗಡಿ ಇಟ್ಟುಕೊಂಡಿರುವ ಅಪ್ಪ ಜೇಕ್ ಮೊದಮೊದಲು ರಿಪೇರಿ ಅಂಗಡಿಗಳಿಗೆ ಅಲೆಯುತ್ತಾನೆ. ಆಮೇಲೆ ಯಾಂಗ್‌ನೊಳಗೆ ದಿನಕ್ಕೆ ಕೆಲವೇ ಸೆಕೆಂಡುಗಳಂತೆ ಉಳಿಸಿಟ್ಟ ನೆನಪುಗಳ ಭಂಡಾರ ಸಿಗುತ್ತದೆ. ಎಲೆಗಳ ಮೇಲಿನ ಬೆಳಕು, ಕನ್ನಡಿಯಲ್ಲಿ ಕಂಡ ತನ್ನದೇ ಮುಖ, ಕುಟುಂಬದ ಒಂದು ಕ್ಷಣ. ಉಳಿಸಿಕೊಳ್ಳಬೇಕೆಂದು ಅವನಿಗೆ ಅನಿಸಿದ್ದು ಇವು.

ಅದರಲ್ಲೊಂದು ದೃಶ್ಯ ಹಣ್ಣಿನ ತೋಟದ್ದು. ನೀನು ನಿಜವಾದ ಮಗಳಲ್ಲವೆಂದು ಶಾಲೆಯಲ್ಲಿ ಚುಚ್ಚಿಸಿಕೊಂಡ ಮೀಕಾಳಿಗೆ ಯಾಂಗ್ ಕಸಿಮಾಡಿದ ಮರವನ್ನು ತೋರಿಸುತ್ತಾನೆ. ಬೇರೆ ಮರದ ಕೊಂಬೆ ಈ ಮರದ ಭಾಗವೇ ಆಗಿದೆ, ಅದು ಬಂದ ಮರವೂ ನಿಜ, ಇದೂ ನಿಜ ಎಂದು ತಿಳಿಹೇಳುತ್ತಾನೆ. ಹೊರಗಿನವನು ಒಳಗಿನವನಾಗುವುದು ಹೇಗೆಂದು ಇಷ್ಟು ಸರಳವಾಗಿ ಈ ಪರಂಪರೆಯ ಬೇರೆ ಯಾವ ಚಿತ್ರವೂ ಹೇಳಿಲ್ಲ. ಮುಂದೆ ಜೇಕ್, ಯಾಂಗ್‌ನ ಗೆಳತಿಯಾಗಿದ್ದ ತದ್ರೂಪಿ ಹುಡುಗಿ ಏಡಾಳನ್ನು ಕೇಳುತ್ತಾನೆ: ಅವನಿಗೆ ಮನುಷ್ಯನಾಗುವ ಆಸೆ ಇತ್ತೇ? ಎಲ್ಲ ಜೀವಕ್ಕೂ ಮನುಷ್ಯರಾಗುವ ಆಸೆ ಇರುತ್ತದೆಂದು ಭಾವಿಸುವುದು ಮನುಷ್ಯರಿಗಷ್ಟೇ ಸಾಧ್ಯ ಎಂಬ ಅರ್ಥದ ಉತ್ತರ ಬರುತ್ತದೆ. ಯಾಂಗ್ ಕೆಲಸಕ್ಕೆ ಬರುತ್ತಿದ್ದಾಗ ಅವನು ಮನೆಯ ಒಂದು ಸಾಧನ. ಏನೂ ಕೊಡಲಾರದೆ ಮಲಗಿದ ಮೇಲೆ ಮನೆಯವರಿಗೆ ಅವನು ಯಾರೆಂದು ತಿಳಿಯಿತು.

ಇಷ್ಟೆಲ್ಲ ನೋಡಿದ ಮೇಲೆ ತೀರ್ಪು ಹೇಳುವುದಾದರೆ, ಈ ಪರಂಪರೆ ‘ಇ.ಟಿ.’ಯಲ್ಲಿ ಅತ್ಯಂತ ಮೋಹಕವಾಗಿದೆ, ‘ಬ್ರದರ್’ ಮತ್ತು ‘ಆಫ್ಟರ್ ಯಾಂಗ್’ನಲ್ಲಿ ಅತ್ಯಂತ ಪ್ರಾಮಾಣಿಕವಾಗಿದೆ. ಮೊದಲನೆಯದನ್ನು ನೋಡದ ಮಗು ಕಡಿಮೆ, ಉಳಿದೆರಡನ್ನು ನೋಡಿದ ದೊಡ್ಡವರು ಕಡಿಮೆ. ನಮ್ಮ ಫಿಲ್ಮ್ ಸೊಸೈಟಿಗಳು ಈ ಎರಡನ್ನೂ ಒಂದೇ ವಾರಾಂತ್ಯದಲ್ಲಿ ತೋರಿಸಬೇಕು. ಕನ್ನಡದ ಯುವ ನಿರ್ದೇಶಕರಿಗೂ ಒಂದು ಕೋರಿಕೆ. ಜಾನ್ ಸೇಲ್ಸ್‌ಗೆ ಬೇಕಾದದ್ದು ಒಬ್ಬ ಒಳ್ಳೆಯ ನಟ, ಒಂದು ಬೀದಿ, ಮೂರು ಬೆರಳಿನ ಪಾದ. ದಿನಬೆಳಗಾದರೆ ಭಾಷೆ ಬಾರದ, ಗುರುತು ಪರಿಚಯವಿಲ್ಲದ ಜನ ರೈಲಿನಿಂದಿಳಿಯುವ ಬೆಂಗಳೂರಿನಲ್ಲಿ ಅಂಥದೊಂದು ಚಿತ್ರ ತೆಗೆಯಲು ಗ್ರಾಫಿಕ್ಸಿನ ಖರ್ಚಿಗೆ ಕಾಯಬೇಕಿಲ್ಲ. ಯಾರಾದರೂ ಬೇಗ ಶುರು ಮಾಡಲಿ.